ಪದ್ಮಿನಿಯ ಬ್ರೇಕೂ ಬ್ಯಾಂಕಿನ ಲೆಕ್ಕವೂ

ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದ ನಮ್ಮ ತಲೆಮಾರಿನ ಕನ್ನಡಿಗರಿಗೆ ಕಾರು ಎಂದರೆ ಕಪ್ಪು-ಹಳದಿ ಫಿಯಟ್ಟೇ. ವಾಲಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ, ಕುರ್ಲಾದಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ತಯಾರಿಸಿತು. 1974ರಲ್ಲಿ ಅದೇ ಕಾರಿಗೆ ಪದ್ಮಿನಿ ಎಂಬ ಹೆಸರು ಬಂತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ನಿವೃತ್ತಿಯಾಯಿತು. ಅದರೊಂದಿಗೆ ಒಂದು ವಿದ್ಯೆಯೂ ಮರೆಯಾಗುತ್ತಿದೆ ಎಂಬುದು ನನ್ನ ಚಿಂತೆ. ಅದು ಹಳೆಯ ಬ್ರೇಕಿನ ರೋಗ ಹಿಡಿಯುವ ವಿದ್ಯೆ.

ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡ ಕೊಳವೆಗಳಲ್ಲಿ ಸಾಗಿ ಚಕ್ರದ ಬ್ರೇಕ್ ಹಿಡಿಯುತ್ತದೆ. ನಾಲ್ಕೂ ಚಕ್ರಕ್ಕೆ ಇಂಥ ಬ್ರೇಕಿದ್ದ ಕಾರನ್ನು ಅಮೆರಿಕದ ಡ್ಯೂಸೆನ್‌ಬರ್ಗ್ ಕಂಪನಿ 1921ರಲ್ಲೇ ಮಾರಿತ್ತು. ಆ ಕಾಲದ ಕಾರುಗಳಲ್ಲಿ ಎಲ್ಲ ಚಕ್ರಕ್ಕೂ ಸೇರಿ ಒಂದೇ ಸಾಲು. ಎಲ್ಲಿ ಸೋರಿದರೂ ಎಲ್ಲವೂ ಹೋಯಿತು! ಹೊಸ ಕಾರುಗಳಿಗೆ ಎರಡು ಸಾಲು ಬೇಕೆಂದು ಅಮೆರಿಕ 1968ರಲ್ಲಿ ಕಡ್ಡಾಯ ಮಾಡಿತು.

ಸೋರಿಕೆಯಾದರೆ ಕಣ್ಣಿಗೆ ಬೀಳುತ್ತದೆ. ಕಷ್ಟವಿರುವುದು ಕಾಣದ ರೋಗದಲ್ಲಿ. ಪೆಡಲಿನಿಂದ ಕಾಲು ತೆಗೆದರೂ ಒಂದು ಚಕ್ರ ಬಿಡುವುದಿಲ್ಲ ಎನ್ನಿ. ಮೊದಲ ಸಂಶಯ ಡ್ರಮ್ಮಿನ ಮೇಲೆ. ಆದರೆ ರಬ್ಬರ್ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರಬಹುದು. ಜೋರಾಗಿ ಒತ್ತಿದಾಗ ಎಣ್ಣೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ನಿಂತ ಕಾರನ್ನು ಜಾಕ್ ಮೇಲೆ ಭದ್ರವಾಗಿ ಎತ್ತಿ ಚಕ್ರದ ಬಳಿಯ ನಿಪ್ಪಲ್ ಸಡಿಲಿಸಬೇಕು. ಚಕ್ರ ಬಿಟ್ಟರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಎಂದರ್ಥ. ಬಿಡದಿದ್ದರೆ ಡ್ರಮ್ಮಿನೊಳಗೇ ಏನೋ ಜಾಮ್ ಆಗಿದೆ. ನಾಲ್ಕೂ ಚಕ್ರ ಹಿಡಿದಿದ್ದರೆ ಮಾಸ್ಟರ್ ಸಿಲಿಂಡರ್ ನೋಡಬೇಕು.

ಇದು ನನಗೆ ಅಪರಿಚಿತ ವಿದ್ಯೆಯಲ್ಲ. ಬ್ಯಾಂಕಿನಲ್ಲಿ ಕೈಬರಹದ ಲೆಡ್ಜರ್ ಇದ್ದಾಗ ಲೆಕ್ಕ ತಾಳೆಯಾಗದಿದ್ದರೆ ಎಲ್ಲವನ್ನೂ ಮತ್ತೆ ಕೂಡುತ್ತಿರಲಿಲ್ಲ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ಎಂದು ಮೊದಲು ನೋಡುತ್ತಿದ್ದೆವು. ಹುಡುಕುವ ಜಾಗ ಕಿರಿದಾದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ರೋಗವಂತೂ ಗ್ಯಾರೇಜಿನಲ್ಲಿ ಕಾಣುವುದೇ ಇಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕೋಪರಖೈರಣೆಯಂಥ ಖಾಡಿಯಂಚಿನ ಊರುಗಳಲ್ಲಿ ತೇವಕ್ಕೇನು ಬರ! ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಆಯಿಲಿಗೆ ಆ ಮಿತಿ 140 ಮಾತ್ರ. ಖಂಡಾಲಾ ಘಾಟ್ ಇಳಿಯುತ್ತಾ ಬ್ರೇಕ್ ಒತ್ತುತ್ತಲೇ ಇದ್ದರೆ ಆಯಿಲ್ ಕುದಿದು ಗುಳ್ಳೆಯೇಳುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಕೆಳಗಿಳಿದು ತಣ್ಣಗಾದ ಮೇಲೆ ಎಲ್ಲ ಸರಿ! ಮೆಕ್ಯಾನಿಕ್ ‘ಏನೂ ಇಲ್ಲ ಸಾಹೇಬ್’ ಎಂದರೆ ಅವನದು ತಪ್ಪಲ್ಲ.

ಆದ್ದರಿಂದ ಹಳೆಯ ಗಾಡಿ ಇಟ್ಟುಕೊಂಡವರು ಬರೀ ‘ಬ್ರೇಕ್ ಸರಿಯಿಲ್ಲ’ ಎನ್ನಬೇಡಿ. ಇಳಿಜಾರಿನಲ್ಲೋ, ಮಳೆಯಲ್ಲೋ, ಎಷ್ಟು ದೂರ ಓಡಿದ ಮೇಲೋ ಎಂದು ಬಿಡಿಸಿ ಹೇಳಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಹಿಂದೆ ಕೂತಿರುವುದು ನಮ್ಮ ಮಕ್ಕಳೇ ಅಲ್ಲವೇ?