ಹೆನ್ರಿ ಜೇಮ್ಸರ ಪ್ರೇತಕಥೆಯೂ ಅದರ ವಿಮರ್ಶಕರೂ

ಶೂನ್ಯಗೃಹ, ವಿಕೃತಸ್ವರ, ಪಿಶಾಚದರ್ಶನ ಮೊದಲಾದುವನ್ನು ಭಯಾನಕರಸಕ್ಕೆ ವಿಭಾವಗಳೆಂದು ಭರತಮುನಿಯು ಎಣಿಸಿದನು. ಕಂಡ ಪಿಶಾಚವು ನಿಜವಾದುದೋ, ಕಂಡವರ ಚಿತ್ತವಿಕಾರವೋ ಎಂಬ ಶಂಕೆಯೇ ರಸಕ್ಕೆ ಆಧಾರವಾದರೆ ಏನಾದೀತೆಂಬುದಕ್ಕೆ ಇಂಗ್ಲಿಷ್ ಸಾಹಿತ್ಯದಲ್ಲಿ ಒಂದು ವಿಖ್ಯಾತ ನಿದರ್ಶನವುಂಟು. ಹೆನ್ರಿ ಜೇಮ್ಸರ 'ದಿ ಟರ್ನ್ ಆಫ್ ದಿ ಸ್ಕ್ರೂ' ಎಂಬ ಕಿರುಕಾದಂಬರಿಯೇ ಅದು. ತಿರುಪುಮೊಳೆಯನ್ನು ಇನ್ನೊಂದು ಸುತ್ತು ಬಿಗಿಮಾಡುವುದೆಂದು ಹೆಸರಿನ ಅರ್ಥ. ಪ್ರೇತವು ಮಗುವೊಂದಕ್ಕೆ ಕಾಣಿಸಿಕೊಂಡರೆ ಭಯವು ಒಂದು ಸುತ್ತು ಬಿಗಿಯುವುದಾದರೆ, ಎರಡು ಮಕ್ಕಳಾದಲ್ಲಿ ಎಷ್ಟು ಬಿಗಿದೀತೆಂಬುದು ಕಥಾರಂಭದ ಚಮತ್ಕಾರ.

ಅಮೆರಿಕೆಯಲ್ಲಿ 1843ರಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಜೇಮ್ಸರಿಗೆ 1895ನೆಯ ಇಸವಿಯು ಅಪಮಾನದಿಂದ ಮೊದಲಾಯಿತು. ಜನವರಿ 5ರಂದು ಲಂಡನ್ನಿನಲ್ಲಿ ಅವರ 'ಗೈ ಡಾಂವಿಲ್' ಎಂಬ ನಾಟಕದ ಪ್ರಥಮ ಪ್ರಯೋಗವಾಗಿ, ಕೊನೆಯಲ್ಲಿ ರಂಗದ ಮೇಲೆ ಬಂದು ನಿಂತ ಗ್ರಂಥಕರ್ತರನ್ನು ಪ್ರೇಕ್ಷಕರು ಕೂಗಿ ಅವಹೇಳನಮಾಡಿದರು. ಐದು ದಿನಗಳ ತರುವಾಯ ಅವರು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದ ಎಡ್ವರ್ಡ್ ವೈಟ್ ಬೆನ್ಸನ್ನರ ಮನೆಗೆ ಹೋಗಿದ್ದಾಗ, ಸತ್ತ ಸೇವಕರ ಪ್ರೇತಗಳು ಅನಾಥ ಮಕ್ಕಳನ್ನು ಕೆಡುಕಿಗೆ ಸೆಳೆಯುವ ಒಂದು ಕಥೆಯ ತುಣುಕನ್ನು ಆತಿಥೇಯರ ಬಾಯಿಂದ ಕೇಳಿದರು. ಜನವರಿ 12ರಂದು ಅದನ್ನು ಟಿಪ್ಪಣಿಪುಸ್ತಕದಲ್ಲಿ ಬರೆದಿಟ್ಟರು. ವಿಚಿತ್ರವೆಂದರೆ, ತಂದೆ ಇಂಥ ಕಥೆಯನ್ನು ಹೇಳಿದ ನೆನಪೇ ಬೆನ್ಸನ್ನರ ಮಕ್ಕಳಿಗಿರಲಿಲ್ಲ.

ಬೀಜವು ಎರಡು ವರ್ಷಕ್ಕೂ ಮಿಕ್ಕು ಹಾಗೆಯೇ ಉಳಿದು, 1897ರ ಶರತ್ಕಾಲದಲ್ಲಿ ಮೊಳೆಯಿತು. ಕೈಬೇನೆಯಿಂದ ಆಗ ಬರೆಯಲಾರದ ಜೇಮ್ಸರು ಬಾಯಲ್ಲಿ ಹೇಳುತ್ತಿದ್ದರು; ಮಕಾಲ್ಪೈನ್ ಎಂಬ ಸ್ಕಾಟ್ಲೆಂಡಿನವನು ಟೈಪುಮಾಡುತ್ತಿದ್ದನು. ಈತನಾದರೂ ನಡುಗಿಯಾನೆಂದು ಕಾದ ಗ್ರಂಥಕರ್ತರಿಗೆ ನಿರಾಶೆಯೇ ಆಯಿತೆಂದೂ, ಆತನು ಕಲ್ಲಿನಂತೆ ಕುಳಿತು ಮುಂದಿನ ವಾಕ್ಯಕ್ಕೆ ಕಾಯುತ್ತಿದ್ದನೆಂದೂ ಹೇಳುವುದುಂಟು. ಕಥೆಯ ಮೊದಲನೆಯ ಶ್ರೋತೃವಿಗೆ ರಸಾನುಭವವಾಗಲಿಲ್ಲವೆನ್ನಬೇಕು!

1898ರ ಜನವರಿ 27ರಿಂದ ಏಪ್ರಿಲ್ 16ರವರೆಗೆ 'ಕಾಲಿಯರ್ಸ್ ವೀಕ್ಲಿ' ಎಂಬ ಅಮೆರಿಕೆಯ ವಾರಪತ್ರಿಕೆಯಲ್ಲಿ ಹನ್ನೆರಡು ಕಂತುಗಳಾಗಿ ಕಥೆಯು ಪ್ರಕಟವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ಕಥೆಯೊಡನೆ 'ದಿ ಟೂ ಮ್ಯಾಜಿಕ್ಸ್' ಎಂಬ ಸಂಪುಟವಾಗಿ ಲಂಡನ್ ನ್ಯೂಯಾರ್ಕುಗಳೆರಡರಲ್ಲಿಯೂ ಹೊರಬಿತ್ತು.

ಕಥಾವಸ್ತು ಸರಳವಾದುದು. ಬ್ಲೈ ಎಂಬ ಹಳ್ಳಿಯ ಸೌಧದಲ್ಲಿ ಮೈಲ್ಸ್, ಫ್ಲೋರಾ ಎಂಬ ತಬ್ಬಲಿ ಮಕ್ಕಳಿಬ್ಬರಿಗೆ ಪಾಠ ಹೇಳಲು ಬಂದ ತರುಣಿಗೆ, ಗತಿಸಿದ ಸೇವಕ ಪೀಟರ್ ಕ್ವಿಂಟ್ ಮತ್ತು ಹಿಂದಿನ ಉಪಾಧ್ಯಾಯಿನಿ ಜೆಸ್ಸೆಲ್ ಇವರ ಆಕೃತಿಗಳು ಗೋಚರಿಸುತ್ತವೆ. ಅವು ಮಕ್ಕಳನ್ನು ಬಯಸಿ ಬಂದಿವೆಯೆಂದು ಆಕೆ ನಂಬುತ್ತಾಳೆ. ಏನು ಬಂದರೂ ತನ್ನನ್ನು ತೊಂದರೆಪಡಿಸಬಾರದೆಂದು ಮಕ್ಕಳ ದೊಡ್ಡಪ್ಪನು ಮೊದಲೇ ಕಟ್ಟುಮಾಡಿದ್ದಾನೆ. ಕೊನೆಗೆ ಬಾಲಕನು ಆಕೆಯ ತೋಳಿನಲ್ಲಿಯೇ ಪ್ರಾಣಬಿಡುತ್ತಾನೆ. ಇಷ್ಟನ್ನೂ ಆ ತರುಣಿಯೇ ಬರೆದಿಟ್ಟಿದ್ದಾಳೆ. ಬೇರೊಬ್ಬರ ಸಾಕ್ಷ್ಯವಿಲ್ಲ. ವಾದವೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಮೊದಲಿನ ವಿಮರ್ಶಕರಿಗಾದರೋ ಈ ಶಂಕೆ ಅಷ್ಟಾಗಿ ಬರಲಿಲ್ಲ. ಪ್ರೇತಗಳು ಪ್ರೇತಗಳೇ ಎಂದುಕೊಂಡು ಕೆಲವರು ಕೌಶಲವನ್ನು ಕೊಂಡಾಡಿದರು. ಶಿಶುಗಳ ನಿರ್ಮಲತೆಗೆ ಕಳಂಕ ಹಚ್ಚುವ ಕಥೆಯೆಂದು ಕೆಲವರು ಹೇಸಿದರು. ಅಮೆರಿಕೆಯ 'ದಿ ಇಂಡಿಪೆಂಡೆಂಟ್' ಪತ್ರಿಕೆಯ ಖಂಡನೆ ಅತ್ಯಂತ ಕಠಿಣವಾದುದು. ಜೇಮ್ಸರು ಮಾತ್ರ ಎಚ್.ಜಿ. ವೆಲ್ಸರಿಗೆ ಬರೆದ ಕಾಗದದಲ್ಲಿ ಇದು ಹೊಟ್ಟೆಪಾಡಿನ ಬರಹವೆಂದು ತೇಲಿಸಿ ನುಡಿದರು. ಹತ್ತು ವರ್ಷದ ಬಳಿಕ, 1908ರಲ್ಲಿ, ತಮ್ಮ ಕೃತಿಗಳ ನ್ಯೂಯಾರ್ಕ್ ಆವೃತ್ತಿಗೆ ಬರೆದ ಪೀಠಿಕೆಯಲ್ಲಿ, ಸುಲಭವಾಗಿ ಮೋಸಹೋಗದ ವಾಚಕರನ್ನೂ ಹಿಡಿಯುವ ಬಲೆಯಿದೆಂದು ಸೂಚಿಸಿದರು. ಕೆಡುಕು ಏನೆಂಬುದನ್ನು ತಾವು ಹೇಳದೆ ವಾಚಕನ ಕಲ್ಪನೆಗೇ ಬಿಟ್ಟುದಾಗಿಯೂ ತಿಳಿಸಿದರು. ವಾಚ್ಯಕ್ಕಿಂತ ವ್ಯಂಗ್ಯವು ಮಿಗಿಲೆಂಬ ಆನಂದವರ್ಧನನ ಮತವನ್ನರಿಯದ ಗ್ರಂಥಕರ್ತರು ಅದನ್ನೇ ಬೇರೆ ದಾರಿಯಿಂದ ಮುಟ್ಟಿದ್ದಾರೆ.

ಎಡ್ನಾ ಕೆಂಟನ್ ಎಂಬ ವಿದುಷಿ 1924ರಲ್ಲಿ, ಆ ಪ್ರೇತಗಳು ಉಪಾಧ್ಯಾಯಿನಿಯ ಮನಸ್ಸಿನ ಸೃಷ್ಟಿಯೆಂದು ಬರೆದಳು. 1934ರಲ್ಲಿ ಎಡ್ಮಂಡ್ ವಿಲ್ಸನ್ನರು ಫ್ರಾಯ್ಡನ ಮನಶ್ಶಾಸ್ತ್ರವನ್ನು ಹಿಡಿದು, ಯಜಮಾನನಲ್ಲಿ ಅನುರಕ್ತಳಾದ ಆಕೆಯ ಅದುಮಿಟ್ಟ ಕಾಮನೆಯೇ ಪ್ರೇತರೂಪವನ್ನು ತಾಳಿತೆಂದು ಸಾಧಿಸಿದರು. ಅವರು ಎತ್ತಿದ ಯುಕ್ತಿಗಳಲ್ಲಿ ಒಂದು ಗಮನಾರ್ಹವಾಗಿದೆ: ನ್ಯೂಯಾರ್ಕ್ ಆವೃತ್ತಿಯಲ್ಲಿ ಜೇಮ್ಸರು ಈ ಕಥೆಯನ್ನು ಉಳಿದ ಪ್ರೇತಕಥೆಗಳೊಡನೆ ಸೇರಿಸದೆ, 'ದಿ ಆಸ್ಪರ್ನ್ ಪೇಪರ್ಸ್', 'ದಿ ಲಯರ್' ಎಂಬ ಕಥೆಗಳ ನಡುವೆ ಇರಿಸಿದ್ದರು.

ಆದರೆ ಒಂದು ಗಂಟು ಬಿಚ್ಚಲಿಲ್ಲ. ಕ್ವಿಂಟನ ಹೆಸರನ್ನೂ ಕೇಳಿರದ ತರುಣಿಯು ತಾನು ಕಂಡವನ ಕೆಂಗೂದಲನ್ನೂ ಮುಖದ ಚಹರೆಯನ್ನೂ ವರ್ಣಿಸಿದೊಡನೆ, ಮನೆವಾರ್ತೆಯ ಗ್ರೋಸ್ ಎಂಬಾಕೆಯು ಅವನನ್ನು ಗುರುತಿಸುತ್ತಾಳೆ. ರಜ್ಜುವಿನಲ್ಲಿ ಸರ್ಪವನ್ನು ಕಾಣಬೇಕಾದರೂ ಸರ್ಪವನ್ನು ಹಿಂದೆ ಕಂಡಿರಬೇಕಷ್ಟೆ. ಎಂದೂ ನೋಡದವನನ್ನು ಭ್ರಾಂತಿಯು ಹೇಗೆ ಚಿತ್ರಿಸೀತು? 1947ರಲ್ಲಿ ವಾಲ್ಡಾಕ್ ಎಂಬವರು ಈ ಆಕ್ಷೇಪವನ್ನೆತ್ತಿದರು. ಅದೇ ವರ್ಷ ರಾಬರ್ಟ್ ಹೈಲ್ಮನ್ನರು ಫ್ರಾಯ್ಡನ ಪಕ್ಷವನ್ನು ಬಲವಾಗಿ ಖಂಡಿಸಿದರು. ವಿಲ್ಸನ್ನರು ಹಟಮಾರಿಗಳಲ್ಲ. 1948ರಲ್ಲಿ, ಗ್ರಂಥಕರ್ತರ ಪ್ರಜ್ಞಾಪೂರ್ವಕವಾದ ಉದ್ದೇಶವು ಪ್ರೇತಕಥೆಯನ್ನು ಬರೆಯುವುದೇ ಆಗಿದ್ದಿತೆಂದು ಒಪ್ಪಿಕೊಂಡರು. ತಮ್ಮ ಪ್ರಸಿದ್ಧ ಲೇಖನವನ್ನು ತಾವೇ ಹೀಗೆ ಅರ್ಧ ಹಿಂತೆಗೆದುಕೊಳ್ಳುವ ವಿಮರ್ಶಕರು ವಿರಳ. 1957ರಲ್ಲಿ ಜಾನ್ ಸಿಲ್ವರ್ ಎಂಬವರು, ಆಕೆಯು ಹಳ್ಳಿಯಲ್ಲಿ ವಿಚಾರಿಸಿ ಕ್ವಿಂಟನ ಸಂಗತಿಯನ್ನು ಅರಿತಿರಬಹುದೆಂದು ಪಾಠದಿಂದಲೇ ಸುಳಿವು ತೋರಿಸಲು, ವಿಲ್ಸನ್ನರು 1959ರಲ್ಲಿ ಪುನಃ ಮೊದಲಿನ ಮತಕ್ಕೆ ಮರಳಿದರು.

ಈ ನಡುವೆ ಬೆಂಜಮಿನ್ ಬ್ರಿಟನ್ನರು 1954ರಲ್ಲಿ ವೆನಿಸ್ ನಗರದಲ್ಲಿ ಇದನ್ನು ಗೀತನಾಟಕವಾಗಿ ಆಡಿಸಿದರು. ಜೇಮ್ಸರ ಪ್ರೇತಗಳಿಗೆ ಮಾತಿಲ್ಲ. ರಂಗದ ಪ್ರೇತಗಳು ಹಾಡಲೇಬೇಕಾಯಿತು. ಹಾಡುವ ಪ್ರೇತವನ್ನು ಭ್ರಾಂತಿಯೆಂದು ತಳ್ಳುವುದು ಕಷ್ಟ! 1970ರಲ್ಲಿ ಟೊಡೊರೋವರು, ನಿರ್ಣಯವಾಗದೆ ಉಳಿಯುವ ಸಂದೇಹವೇ ಇಂಥ ಕಥೆಗಳ ಲಕ್ಷಣವೆಂದು ಪ್ರತಿಪಾದಿಸಿ, ಇದನ್ನು ಉದಾಹರಿಸಿದರು. ಉಭಯಪಕ್ಷಗಳ ಪಂಡಿತರಿಗಿಂತ ಇವರೇ ಕಥೆಯ ಮರ್ಮಕ್ಕೆ ಸಮೀಪರೆನ್ನಬಹುದು.

ಹೆರಾಲ್ಡ್ ಗಾಡರ್ಡ್ ಎಂಬ ಅಮೆರಿಕೆಯ ಅಧ್ಯಾಪಕರ ವೃತ್ತಾಂತವೊಂದು ಉಳಿದಿದೆ. ಸುಮಾರು 1920ರಲ್ಲಿ, ಕೆಂಟನ್ನಳಿಗೂ ವಿಲ್ಸನ್ನರಿಗೂ ಮೊದಲೇ, ಫ್ರಾಯ್ಡನ ಹಂಗಿಲ್ಲದೆ ಕೇವಲ ಮೂಲವನ್ನು ನಿಧಾನವಾಗಿ ಓದಿ, ಆ ತರುಣಿಯ ಚಿತ್ತವು ಕೆಟ್ಟಿತ್ತೆಂದು ಇವರು ಒಂದು ಪ್ರಬಂಧವನ್ನು ಬರೆದರು. ಅದನ್ನು ವಿದ್ಯಾರ್ಥಿಗಳಿಗೆ ಓದಿ ಹೇಳುತ್ತಿದ್ದರೇ ಹೊರತು ಅಚ್ಚುಹಾಕಿಸಲಿಲ್ಲ. ಜೇಮ್ಸರ ಕಥೆಯಲ್ಲಿಯೂ ಉಪಾಧ್ಯಾಯಿನಿಯ ಹಸ್ತಪ್ರತಿಯು ಬಹುಕಾಲ ಬೀಗಹಾಕಿದ ಪೆಟ್ಟಿಗೆಯಲ್ಲಿರುತ್ತದೆ. ಗಾಡರ್ಡರು 1950ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳಲ್ಲಿ ದೊರೆತ ಆ ಪ್ರಬಂಧವು 1957ರಲ್ಲಿ ಬೆಳಕು ಕಂಡಿತು.