ಸ್ಟ್ಯಾನಾಗ್ ಮ್ಯಾಗಜೀನ್

ಸ್ಟ್ಯಾನಾಗ್ ಮ್ಯಾಗಜೀನ್ ಎಂಬುದು ಅಮೆರಿಕದ ಎಂ16 ಸೈನಿಕ ರೈಫಲ್‌ನಲ್ಲಿಯೂ ನಾಗರಿಕ ಬಳಕೆಯ ಅರೆಸ್ವಯಂಚಾಲಿತ ಎಆರ್-15 ರೈಫಲ್‌ನಲ್ಲಿಯೂ ಬಳಸುವ, ಕಳಚಿ ಜೋಡಿಸಬಹುದಾದ ಗುಂಡಿನ ಪೆಟ್ಟಿಗೆ. 'ಸ್ಟ್ಯಾನಾಗ್' ಎಂದರೆ ನೇಟೋ ಕೂಟದ ಮಾನಕೀಕರಣ ಒಪ್ಪಂದ. ಈ ಮ್ಯಾಗಜೀನನ್ನು ಸದಸ್ಯ ರಾಷ್ಟ್ರಗಳ ಮಾನಕವಾಗಿಸುವ ಪ್ರಸ್ತಾವವು 1980ರಲ್ಲಿ ಬಂದಿತು. ಅದು ಅಂಗೀಕಾರವಾಗದಿದ್ದರೂ ಹೆಸರು ಉಳಿಯಿತು.

ರಚನೆ

ಹೊರಕವಚ, ಸ್ಪ್ರಿಂಗ್, ಗುಂಡುಗಳನ್ನು ಮೇಲಕ್ಕೆ ತಳ್ಳುವ ಫಾಲೋವರ್ ಮತ್ತು ತಳದ ತಟ್ಟೆ ಇದರ ಮುಖ್ಯ ಭಾಗಗಳು. ಕವಚದ ಮೇಲ್ತುದಿಯ ಎರಡು ಅಂಚುಗಳು ಗುಂಡನ್ನು ಸರಿಯಾದ ಕೋನದಲ್ಲಿ ಹಿಡಿದಿಡುತ್ತವೆ. ಅಂಚು ಬಾಗಿದರೆ, ಸ್ಪ್ರಿಂಗ್ ಸಡಿಲವಾದರೆ ಅಥವಾ ಫಾಲೋವರ್ ಓರೆಯಾದರೆ ಗುಂಡು ನಳಿಕೆಯನ್ನು ಸರಿಯಾಗಿ ಸೇರದೆ ರೈಫಲ್ ಸ್ಥಗಿತಗೊಳ್ಳುತ್ತದೆ. ಯುದ್ಧಭೂಮಿಯಲ್ಲಿ ಇಂತಹ ಅಡಚಣೆಯು ಸೈನಿಕನ ಪ್ರಾಣಕ್ಕೇ ಎರವಾಗಬಹುದು.

ಸುಧಾರಣೆಗಳು

ಆರಂಭದ ಮ್ಯಾಗಜೀನುಗಳು 20 ಗುಂಡುಗಳ, ಹಗುರವಾದ ಅಲ್ಯೂಮಿನಿಯಂ ಪೆಟ್ಟಿಗೆಗಳಾಗಿದ್ದವು. ಅನಂತರ 30 ಗುಂಡುಗಳವು ಬಂದವು. ತೆಳು ಲೋಹವು ದೀರ್ಘಕಾಲದ ಬಳಕೆಯಲ್ಲಿ ಜಜ್ಜಿಹೋಗುತ್ತಿತ್ತು. 2009ರಲ್ಲಿ ಅಮೆರಿಕದ ಭೂಸೇನೆಯು ಓರೆಯಾಗದ ಫಾಲೋವರ್ ಮತ್ತು ಬಲವಾದ ಸ್ಪ್ರಿಂಗ್ ಉಳ್ಳ ಸುಧಾರಿತ ಮ್ಯಾಗಜೀನನ್ನು ಬಳಕೆಗೆ ತಂದಿತು. ಮ್ಯಾಗ್‌ಪುಲ್ ಸಂಸ್ಥೆಯು 2007ರಲ್ಲಿ ಪರಿಚಯಿಸಿದ ಪಾಲಿಮರ್ 'ಪಿ-ಮ್ಯಾಗ್' ಶ್ರೇಣಿಯ ಮೂರನೆಯ ಪೀಳಿಗೆಯ ಮಾದರಿಗೆ 2016ರಲ್ಲಿ ಅಮೆರಿಕದ ಮರೀನ್ ಪಡೆ ಒಪ್ಪಿಗೆ ನೀಡಿತು.

ಆಯ್ಕೆ ಮತ್ತು ಪರೀಕ್ಷೆ

ಅಂಚುಗಳು ನೇರವಾಗಿರುವುದು, ಕವಚದಲ್ಲಿ ತಗ್ಗು ಅಥವಾ ಬಿರುಕು ಇಲ್ಲದಿರುವುದು, ಫಾಲೋವರ್ ಸಲೀಸಾಗಿ ಚಲಿಸುವುದು ಉತ್ತಮ ಮ್ಯಾಗಜೀನಿನ ಲಕ್ಷಣಗಳು. ಪ್ರತಿಯೊಂದಕ್ಕೂ ಸಂಖ್ಯೆ ಬರೆದಿಟ್ಟರೆ, ಪದೇ ಪದೇ ತೊಡಕು ಕೊಡುವುದನ್ನು ಗುರುತಿಸಿ ಬಳಕೆಯಿಂದ ತೆಗೆಯಬಹುದು. ದೋಷವು ರೈಫಲ್‌ನದೋ ಮ್ಯಾಗಜೀನಿನದೋ ಎಂಬುದೂ ಇದರಿಂದ ತಿಳಿಯುತ್ತದೆ.