ಗೆರೆ ಯಾರ ಮೈಯದು?

ಧರ್ಮಪುರ ಹೋಬಳಿಯ ಶೇಂಗಾ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವ ನಲವತ್ತಾರರ ಹೆಂಗಸು ತೂಕದ ಯಂತ್ರ ಹತ್ತಿದರೆ ಕಾಣುವುದು ಒಂದೇ ಅಂಕಿ. ಅದರಲ್ಲಿ ಕೊಬ್ಬೆಷ್ಟು, ಕೊಬ್ಬು ಕಳೆದು ಉಳಿಯುವ ಮಾಂಸ, ಮೂಳೆ, ನೀರು ಎಷ್ಟು ಎಂದು ಯಂತ್ರ ಹೇಳದು. ಆ ಉಳಿಕೆ ಇಷ್ಟಿರಬೇಕೆಂದು ಗೆರೆ ಎಳೆಯಲು ವಿಜ್ಞಾನ ಎಂಬತ್ತು ವರ್ಷಗಳಿಂದ ಹೆಣಗುತ್ತಿದೆ.

ಶುರುವಾದದ್ದು ಗಂಡಸರಿಂದ. 1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆನ್ಕೆ ನಾವಿಕರನ್ನು ನೀರಲ್ಲಿ ಮುಳುಗಿಸಿ ತೂಗಿದ. ಕೊಬ್ಬು ತೇಲುತ್ತದೆ, ಮಾಂಸ ಮುಳುಗುತ್ತದೆ. ಲೆಕ್ಕದ ಗುಟ್ಟು ಅಷ್ಟೇ. 1974ರಲ್ಲಿ ಡರ್ನಿನ್ ಮತ್ತು ವೊಮರ್ಸ್ಲಿ ಎಂಬ ಸಂಶೋಧಕರು ಚರ್ಮದ ಮಡಿಕೆ ಹಿಡಿದು ಕೊಬ್ಬನ್ನು ಅಂದಾಜಿಸುವ ಸೂತ್ರ ಕೊಟ್ಟರು. ಅವರು ಅಳೆದ 481 ಜನರಲ್ಲಿ 272 ಹೆಂಗಸರು. ಇಂಥ ಸುಲಭ ವಿಧಾನಗಳು ಭಾರತೀಯರಿಗೆ ಒಗ್ಗುತ್ತವೆಯೇ ಎಂದು ಬೆಂಗಳೂರಿನ ವೈದ್ಯಕೀಯ ಸಂಸ್ಥೆ ಸೇಂಟ್ ಜಾನ್ಸ್‌ನ ರೆಬೆಕಾ ಕುರಿಯನ್, ಅನುರಾ ಕುರ್ಪಾಡ್ ಮೊದಲಾದವರು ಪರೀಕ್ಷಿಸಿದ್ದು 1998ರಲ್ಲಿ. ಪರೀಕ್ಷೆ ಏಕೆ ಬೇಕಿತ್ತೆಂಬುದಕ್ಕೆ 2004ರ ಒಂದು ಪಟ ಸಾಕು: ಪುಣೆಯ ವೈದ್ಯ ಯಾಜ್ಞಿಕ್, ಲಂಡನ್ನಿನ ವೈದ್ಯ ಯುಡ್ಕಿನ್, ಇಬ್ಬರಿಗೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ನಮ್ಮವರಿಗೆ ಶೇ. 21.2.

ವಯಸ್ಸಾದಂತೆ ಮಾಂಸಖಂಡ ಕರಗುವುದಕ್ಕೆ 'ಸಾರ್ಕೊಪೀನಿಯ' ಎಂದು ಇರ್ವಿನ್ ರೋಸೆನ್‌ಬರ್ಗ್ ಹೆಸರಿಟ್ಟ ಮೇಲೆ ಗೆರೆಗಳ ಸಾಲೇ ಬಂತು. ಕೈಕಾಲುಗಳ ಮಾಂಸಖಂಡದ ತೂಕವನ್ನು (ಕಿಲೋ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ, ಹೆಂಗಸರಿಗೆ ಅಮೆರಿಕದ ನ್ಯೂ ಮೆಕ್ಸಿಕೊದ ಅಧ್ಯಯನ 1998ರಲ್ಲಿ 5.45 ಎಂದಿತು, 2014ರಲ್ಲಿ ಸಾರ್ಕೊಪೀನಿಯ ಕುರಿತ ಏಷ್ಯಾದ ತಜ್ಞರ ತಂಡ 5.4 ಎಂದಿತು, ಅದರಲ್ಲಿ ಭಾರತ ಇರಲಿಲ್ಲ. ಆಮೇಲೆ ಚಂಡೀಗಢದಲ್ಲಿ ಮನೆಮನೆಗೆ ಹೋಗಿ ಅಳೆದವರಿಗೆ ಸಿಕ್ಕಿದ್ದು 4.61. ಲೆಕ್ಕ ಹಾಕಿ ನೋಡಿ: 150 ಸೆಂ.ಮೀ. ಎತ್ತರದವಳ ಕೈಕಾಲಲ್ಲಿ 11 ಕಿಲೋ ಇದ್ದರೆ ಏಷ್ಯಾದ ಗೆರೆಗೆ ಆಕೆ ಕೆಳಗೆ, ಚಂಡೀಗಢದ ಗೆರೆಗೆ ಮೇಲೆ. ಹಾಗೆಂದು ಗೆರೆ ಇಳಿಸಿದ್ದೇ ನ್ಯಾಯ ಎನ್ನಲಾರೆ. ತಲೆಮಾರುಗಳ ಅರೆಹೊಟ್ಟೆಯನ್ನು ನಾವೇ 'ಸಹಜ' ಎಂದು ಬರೆದುಕೊಂಡಂತಾದೀತು.

ನಡುವಯಸ್ಸಿನ ಕಥೆ ಇನ್ನೂ ತಡವಾಗಿ ಬಂತು. ಮುಟ್ಟು ನಿಲ್ಲುವ ಸುಮಾರು ಎರಡು ವರ್ಷ ಮೊದಲಿಂದ ಕೊಬ್ಬು ಏರುವ ವೇಗ ಇಮ್ಮಡಿಯಾಗಿ ಮಾಂಸ ಇಳಿಯತೊಡಗುತ್ತದೆಂದು ಅಮೆರಿಕದ 'ಸ್ವಾನ್' ಅಧ್ಯಯನ 2019ರಲ್ಲಿ ತೋರಿಸಿತು. ಒಟ್ಟು ತೂಕದಲ್ಲಿ ಮಾತ್ರ ಆಗ ಯಾವ ಜಿಗಿತವೂ ಇರಲಿಲ್ಲ. ತೂಕದ ಯಂತ್ರ ಬಾಯಿ ಬಿಡಬೇಕಾದ ಹೊತ್ತಿಗೇ ಮೂಕವಾಗುತ್ತದೆ. ನಮ್ಮಲ್ಲಿ ಮುಟ್ಟು ನಿಲ್ಲುವುದು ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮುಂಚೆ.

ಹಾಗಾಗಿ ಈಚಿನ ಒಲವು ತೂಕಕ್ಕಿಂತ ಕಸುವಿನ ಕಡೆ. ಏಷ್ಯಾ ತಂಡದ 2019ರ ಸೂಚನೆಯ ಪ್ರಕಾರ ಹೆಂಗಸರ ಕೈಹಿಡಿತ 18 ಕಿಲೋಗಿಂತ ಕಡಿಮೆ ಇರಬಾರದು, ಕುರ್ಚಿಯಿಂದ ಐದು ಸಲ ಏಳಲು 12 ಸೆಕೆಂಡ್ ಮೀರಬಾರದು. (ನೆಲದ ಮೇಲೆ ಕೂತು ಏಳುವವರಿಗೆ ಕುರ್ಚಿಯ ಪರೀಕ್ಷೆ!) ಊಟದ ಲೆಕ್ಕವೂ ಈ ಕಸುವಿನೊಳಗೇ ಬರುತ್ತದೆ. 55 ಕಿಲೋ ಹೆಂಗಸಿಗೆ ದಿನಕ್ಕೆ 46 ಗ್ರಾಂ ಪ್ರೋಟೀನ್ ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ನೂರು ಗ್ರಾಂ ರಾಗಿಯಲ್ಲಿ ಇರುವುದು ಏಳು, ಹುರುಳಿಯಲ್ಲಿ ಇಪ್ಪತ್ತೆರಡು. ಮುದ್ದೆ ದೊಡ್ಡದಿದ್ದು ಸಾರು ತೆಳ್ಳಗಿದ್ದರೆ ಲೆಕ್ಕ ತಪ್ಪುತ್ತದೆ.

ಆದರೆ ಮೂವತ್ತು ದಾಟಿದವರ ಆರೋಗ್ಯ ತಪಾಸಣೆಗಾಗಿ ಆಶಾ ಕಾರ್ಯಕರ್ತೆ ತುಂಬುವ ನಮೂನೆಯಲ್ಲಿ ಸೊಂಟದ ಸುತ್ತಳತೆಗೆ ಜಾಗವಿದೆ, ಕೈಹಿಡಿತಕ್ಕೆ ಇಲ್ಲ.